1458 ಇನಿಂಗ್ಸ್ ಯಾರು ಎಸೆಯುತ್ತಾರೆ? ಯಾಂಕೀಸ್, ರೆಡ್ ಸಾಕ್ಸ್ ತಂಡಗಳನ್ನು ನಾನು ತೂಗಿ ನೋಡಿದ ಬಗೆ

2025ರ ಮಾರ್ಚ್ ಎರಡನೇ ವಾರ. ನ್ಯೂಜೆರ್ಸಿಯ ಎಡಿಸನ್‌ನಿಂದ ಭಾವ ಫೋನ್ ಮಾಡಿದರು. ದನಿ ಸಪ್ಪೆಯಾಗಿತ್ತು.

"ಕೋಲ್‌ಗೆ ಮೊಣಕೈ ಆಪರೇಷನ್ನಂತೆ ಕಣಯ್ಯ. ಇಡೀ ವರ್ಷ ಆಡೋ ಹಾಗಿಲ್ಲ."

ಗೆರಿಟ್ ಕೋಲ್ ಅಂದರೆ ನ್ಯೂಯಾರ್ಕ್ ಯಾಂಕೀಸ್ ಎಂಬ ಬೇಸ್‌ಬಾಲ್ ತಂಡದ ಮೊದಲ ನಂಬರ್ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು. ನಾನು ಬಾಸ್ಟನ್ ರೆಡ್ ಸಾಕ್ಸ್ ಕಡೆಯವನು. ಆದರೂ ಖುಷಿಯಾಗಲಿಲ್ಲ. ಅಂಥ ಆಟಗಾರನನ್ನು ನೋಡೋದೇ ಒಂದು ಸುಖ, ಅಲ್ವಾ? ಅದೂ ಅಲ್ಲದೆ, ಎರಡೂ ತಂಡಗಳನ್ನು ಹೋಲಿಸಿ ನಾಲ್ಕು ಪುಟ ಬರೆದು ಮುಗಿಸಿದ್ದೆ. ಈಗ ಮತ್ತೆ ಮೊದಲಿನಿಂದ ಬರೆಯಬೇಕಿತ್ತು.

ನಾನಿರುವುದು ಮ್ಯಾಸಚೂಸೆಟ್ಸ್‌ನ ಶ್ರೂಸ್‌ಬರಿಯಲ್ಲಿ. ಅಕ್ಕ, ಭಾವ ಎಡಿಸನ್‌ನಲ್ಲಿ. ಈ ಎರಡು ತಂಡಗಳ ಜಗಳ ನೂರು ವರ್ಷ ಹಳೆಯದು. ಬೇಬ್ ರೂತ್ ಎಂಬ ಮಹಾನ್ ಆಟಗಾರನನ್ನು ಬಾಸ್ಟನ್‌ನವರು ನ್ಯೂಯಾರ್ಕ್‌ಗೆ ಮಾರಿದ ಸುದ್ದಿ ಹೊರಬಿದ್ದದ್ದು 1920ರ ಜನವರಿಯಲ್ಲಿ. 1918ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ಆ ವರ್ಷದ ಚಾಂಪಿಯನ್ ಪಟ್ಟ, ಗೆದ್ದಿದ್ದ ಬಾಸ್ಟನ್ ಮತ್ತೆ ಗೆದ್ದದ್ದು 2004ರಲ್ಲಿ. ಆ ವರ್ಷವೂ ದಾರಿಯಲ್ಲಿ ಇದೇ ಯಾಂಕೀಸ್ ಎದುರು 0-3 ಹಿಂದೆ ಬಿದ್ದು, ಸತತ ನಾಲ್ಕು ಪಂದ್ಯ ಗೆದ್ದು ಎದ್ದು ಬಂದರು. ಹಾಗಾಗಿ ನಮ್ಮ ಮನೆಯ ಫೋನ್ ಮಾತುಕತೆಯಲ್ಲಿ ಮಾರ್ಚ್ ತಿಂಗಳು ಪೂರ್ತಿ ಇದೇ ವಿಷಯ.

ಬರೆದಿಡುವ ಅಭ್ಯಾಸ ಅಪ್ಪನಿಂದ ಬಂತು. ಮೈಸೂರಿನಲ್ಲಿ ಲೀಗ್ ಕ್ರಿಕೆಟ್ ಪಂದ್ಯಗಳಿಗೆ ಅವರು ಸ್ಕೋರರ್ ಆಗಿದ್ದರು. ಪಂದ್ಯದ ಹಿಂದಿನ ರಾತ್ರಿ ಎರಡೂ ತಂಡದ ಹೆಸರು ಬರೆದು, 50 ಓವರ್‌ಗಳನ್ನು ಬೌಲರ್‌ಗಳಿಗೆ ಹಂಚಿ ನೋಡುತ್ತಿದ್ದರು. "ಐದನೇ ಬೌಲರ್ ಯಾರು ಅಂತ ನೋಡು, ಪಂದ್ಯ ಎತ್ತ ಹೋಗುತ್ತೆ ಗೊತ್ತಾಗುತ್ತೆ" ಅನ್ನುತ್ತಿದ್ದರು. ಆ ಮಾತು ಬೇಸ್‌ಬಾಲ್‌ಗೆ ಇಷ್ಟು ಚೆನ್ನಾಗಿ ಒಗ್ಗುತ್ತದೆ ಅಂತ ನನಗೆ ಗೊತ್ತಾಗಲು ಹತ್ತು ವರ್ಷ ಹಿಡಿಯಿತು.

ಮೊದಲೆಲ್ಲ ನಾನು ಮಾಡುತ್ತಿದ್ದದ್ದು ಎಲ್ಲರೂ ಮಾಡುವುದನ್ನೇ. ಎಡಕ್ಕೆ ಒಂದು ತಂಡ, ಬಲಕ್ಕೆ ಇನ್ನೊಂದು. ಮೈದಾನದಲ್ಲಿ ನಿಲ್ಲುವ ಒಂದೊಂದು ಜಾಗಕ್ಕೂ ಹೋಲಿಕೆ: ಕ್ಯಾಚರ್ ಎದುರು ಕ್ಯಾಚರ್, ಶಾರ್ಟ್‌ಸ್ಟಾಪ್ ಎದುರು ಶಾರ್ಟ್‌ಸ್ಟಾಪ್. ಯಾರು ಮೇಲೋ ಅವರಿಗೆ ಒಂದು ಟಿಕ್. ಕೊನೆಗೆ ಟಿಕ್ ಎಣಿಸುವುದು. ಇದರಲ್ಲಿ ದೊಡ್ಡ ತೊಂದರೆ ಇದೆ. ಯಾಂಕೀಸ್‌ನ ದೊಡ್ಡ ಬ್ಯಾಟರ್ ಆರನ್ ಜಡ್ಜ್ ಎಂಬ ಒಬ್ಬನಿಗೂ ಒಂದೇ ಟಿಕ್, ಕೂದಲೆಳೆಯಷ್ಟು ಮೇಲಿರುವ ಸೆಕೆಂಡ್ ಬೇಸ್‌ಮನ್‌ಗೂ ಒಂದೇ ಟಿಕ್. 2024ರಲ್ಲಿ ಜಡ್ಜ್ 58 ಹೋಮ್ ರನ್, ಅಂದರೆ ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ, ಹೊಡೆದಿದ್ದ. ಇಬ್ಬರ ಟಿಕ್‌ಗೂ ಒಂದೇ ತೂಕ ಹೇಗಾದೀತು?

ಇನ್ನೊಂದು ತೊಂದರೆ ಹ್ವಾನ್ ಸೋಟೋ ಎಂಬ ಬ್ಯಾಟರ್ ಯಾಂಕೀಸ್ ಬಿಟ್ಟು ಹೋದಾಗ ಕಂಡಿತು. 2024ರ ಡಿಸೆಂಬರ್‌ನಲ್ಲಿ ಅವನು 15 ವರ್ಷಕ್ಕೆ 76.5 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡು ನ್ಯೂಯಾರ್ಕ್‌ನ ಇನ್ನೊಂದು ತಂಡ ಮೆಟ್ಸ್‌ಗೆ ಹೋದ. ಹಿಂದಿನ ಸೀಸನ್‌ನಲ್ಲಿ ಅವನು 41 ಹೋಮ್ ರನ್ ಹೊಡೆದಿದ್ದ. ಜಡ್ಜ್ ಜೊತೆ ಸೇರಿಸಿದರೆ 99. ಬಾಸ್ಟನ್ ಕಡೆಯವರೆಲ್ಲ ಯಾಂಕೀಸ್ ಕಥೆ ಮುಗಿಯಿತು ಅಂದರು. ನಾನು ಪೆನ್ಸಿಲ್ ಹಿಡಿದು ಕೂತೆ. ಸೋಟೋ ಜಾಗಕ್ಕೆ ಸೋಟೋನಂಥವನು ಬರಲಿಲ್ಲ, ನಿಜ. ಆದರೆ ಬಂದವರು ಇಬ್ಬರು: ಕೋಡಿ ಬೆಲಿಂಜರ್, ಪಾಲ್ ಗೋಲ್ಡ್‌ಶ್ಮಿಟ್. 2024ರಲ್ಲಿ ಅವರದು 18 ಮತ್ತು 22, ಒಟ್ಟು 40 ಹೋಮ್ ರನ್. ಗೋಲ್ಡ್‌ಶ್ಮಿಟ್ ನಿಲ್ಲುವ ಫಸ್ಟ್ ಬೇಸ್‌ನಲ್ಲಿ ಹಿಂದಿನ ವರ್ಷ ಇದ್ದ ಆಂಥನಿ ರಿಜ್ಜೊ, ಗಾಯದಿಂದ 92 ಪಂದ್ಯ ಮಾತ್ರ ಆಡಿ 8 ಹೋಮ್ ರನ್ ಹೊಡೆದಿದ್ದ. ಅಂದರೆ ಒಂದು ಕಡೆ ದೊಡ್ಡ ಗುಂಡಿ ಬಿತ್ತು, ಇನ್ನೊಂದು ಕಡೆ ಹಳೇ ಗುಂಡಿ ಮುಚ್ಚಿತು. ಬೆಲಿಂಜರ್ ಸೆಂಟರ್ ಫೀಲ್ಡ್‌ಗೆ ಬಂದದ್ದರಿಂದ ಜಡ್ಜ್ ತನ್ನ ಹಳೇ ಜಾಗ ರೈಟ್ ಫೀಲ್ಡ್‌ಗೆ ಮರಳಿದ. ಒಬ್ಬನ ಎದುರು ಒಬ್ಬನನ್ನು ನಿಲ್ಲಿಸಿ ನೋಡಿದರೆ ಇದು ಯಾವುದೂ ಕಾಣುವುದಿಲ್ಲ. ಹೋದವರ ಗುಂಪು, ಬಂದವರ ಗುಂಪು ಎರಡನ್ನೂ ಒಟ್ಟಿಗೆ ತಕ್ಕಡಿಗೆ ಹಾಕಬೇಕು.

ಬ್ಯಾಟಿಂಗ್ ವಿಷಯ ಇಷ್ಟೇ. ನನ್ನ ಹೆಚ್ಚಿನ ಸಮಯ ಹೋಗಿದ್ದು ಪಿಚರ್‌ಗಳ ಲೆಕ್ಕಕ್ಕೆ.

ಲೆಕ್ಕ ಅಪ್ಪನದೇ. ಒಂದು ಸೀಸನ್‌ಗೆ 162 ಪಂದ್ಯ, ಪಂದ್ಯಕ್ಕೆ 9 ಇನಿಂಗ್ಸ್. ಇಲ್ಲಿ ಎಸೆಯುವ ತಂಡಕ್ಕೆ ಒಂದು ಇನಿಂಗ್ಸ್ ಅಂದರೆ ಎದುರಾಳಿಯ ಮೂವರನ್ನು ಔಟ್ ಮಾಡುವುದು. ಹೆಚ್ಚುಕಮ್ಮಿ 1458 ಇನಿಂಗ್ಸ್. ಇದನ್ನು ಯಾರಾದರೂ ಎಸೆದು ಮುಗಿಸಲೇಬೇಕು. ಇದರಲ್ಲಿ ಆರಂಭಿಕ ಪಿಚರ್‌ಗಳ ಪಾಲು 850 ಅಂತ ನಾನು ಇಟ್ಟುಕೊಂಡೆ. ಉಳಿದದ್ದು ಬುಲ್‌ಪೆನ್‌ಗೆ, ಅಂದರೆ ನಡುವೆ ಬಂದು ಎಸೆಯುವವರಿಗೆ. ಆಮೇಲೆ ಒಬ್ಬೊಬ್ಬರ ಹೆಸರಿನ ಮುಂದೆ, ಅವನು ಈ ವರ್ಷ ಎಷ್ಟು ಇನಿಂಗ್ಸ್ ಕೊಡಬಹುದು ಅಂತ ಅಂದಾಜು ಬರೆದೆ. ಹಿಂದಿನ ಮೂರು ವರ್ಷ ಎಷ್ಟು ಎಸೆದಿದ್ದಾನೆ, ವಯಸ್ಸೆಷ್ಟು, ಮೊಣಕೈಗೆ ಚಾಕು ತಾಗಿದೆಯಾ, ಇಷ್ಟು ನೋಡಿ ಬರೆದದ್ದು.

ಫೆಬ್ರವರಿಯಲ್ಲಿ ಯಾಂಕೀಸ್ ಪುಟ ಹೀಗಿತ್ತು: ಕೋಲ್ 180, ಎಂಟು ವರ್ಷದ ಒಪ್ಪಂದದ ಮೇಲೆ ಹೊಸದಾಗಿ ಬಂದ ಮ್ಯಾಕ್ಸ್ ಫ್ರೀಡ್ 170, ಕಾರ್ಲೋಸ್ ರೊಡಾನ್ 165, ಲೂಯಿಸ್ ಹಿಲ್ 140, ಕ್ಲಾರ್ಕ್ ಶ್ಮಿಟ್ 120. ಒಟ್ಟು 775. 850ಕ್ಕೆ ಉಳಿಕೆ ಬರೀ 75. ನೋಡಿ ಹೊಟ್ಟೆ ಉರಿಯಿತು.

ಮಾರ್ಚ್‌ನಲ್ಲಿ ಹಿಲ್‌ಗೆ ಬೆನ್ನಿನ ಪಕ್ಕದ ಸ್ನಾಯು ಹರಿಯಿತು, ಕೋಲ್‌ಗೆ ಆಪರೇಷನ್ ಆಯಿತು. ಕೋಲ್ ಹೆಸರಿನ ಮುಂದೆ ಸೊನ್ನೆ, ಹಿಲ್ ಮುಂದೆ 50. ಈಗ ಒಟ್ಟು 505. ಉಳಿಕೆ 345! ಇದನ್ನು ತುಂಬಲು ಇದ್ದವರು ಮಾರ್ಕಸ್ ಸ್ಟ್ರೋಮನ್, 38 ತುಂಬುತ್ತಿದ್ದ ಕಾರ್ಲೋಸ್ ಕರಾಸ್ಕೊ, ಮತ್ತೆ ವಿಲ್ ವಾರೆನ್ ಎಂಬ ಹುಡುಗ.

ಬಾಸ್ಟನ್ ಪುಟ: ಶಿಕಾಗೋ ವೈಟ್ ಸಾಕ್ಸ್‌ನಿಂದ ತಂದ ಗ್ಯಾರೆಟ್ ಕ್ರೋಶೆ 160, ಟ್ಯಾನರ್ ಹೌಕ್ 165, ವಾಕರ್ ಬ್ಯೂಲರ್ 110, ಬ್ರಾಯನ್ ಬೆಯೊ 140, ಲೂಕಸ್ ಜಿಯೊಲಿಟೊ 100, ಕಟರ್ ಕ್ರಾಫರ್ಡ್ 80. ಒಟ್ಟು 755, ಉಳಿಕೆ 95. ಕ್ರೋಶೆಗೆ ಜಾಸ್ತಿ ಕೊಡಲು ನನಗೆ ಧೈರ್ಯ ಬರಲಿಲ್ಲ. 2024ರಲ್ಲಿ ಅವನು 146 ಇನಿಂಗ್ಸ್‌ನಲ್ಲಿ 209 ಜನರನ್ನು ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್‌ಗೆ ಔಟ್, ಮಾಡಿದ್ದ, ಆದರೆ ಪೂರ್ತಿ ಸೀಸನ್ ಆರಂಭಿಕ ಪಿಚರ್ ಆಗಿ ಎಸೆದದ್ದು ಅದೇ ಮೊದಲು.

345 ಎದುರು 95. ನನ್ನ ತೀರ್ಮಾನ ಇದರ ಮೇಲೇ ನಿಂತಿತ್ತು.

ಮೈದಾನದ ಮಾತೂ ಸೇರಿಸಲೇಬೇಕು. ಬಾಸ್ಟನ್‌ನ ಫೆನ್‌ವೇ ಪಾರ್ಕ್‌ನಲ್ಲಿ ಎಡಗಡೆ 37 ಅಡಿ ಎತ್ತರದ ಹಸಿರು ಗೋಡೆ, 'ಗ್ರೀನ್ ಮಾನ್‌ಸ್ಟರ್'. ದೂರ 310 ಅಡಿ ಮಾತ್ರ. ಚೆಂಡನ್ನು ಎತ್ತಿ ಎಡಕ್ಕೆ ಎಳೆದು ಹೊಡೆಯುವ ಬಲಗೈ ಬ್ಯಾಟರ್‌ಗೆ ಅದು ಸ್ವರ್ಗ. ಫೆಬ್ರವರಿಯಲ್ಲಿ ಬಂದ ಅಲೆಕ್ಸ್ ಬ್ರೆಗ್ಮನ್ ಸರಿಯಾಗಿ ಅಂಥವನು. ಅದಕ್ಕೇ ಅವನಿಗೆ ಎರಡು ಟಿಕ್ ಕೊಟ್ಟೆ. ಯಾಂಕೀ ಸ್ಟೇಡಿಯಂನಲ್ಲಿ ಹತ್ತಿರದ ಗೋಡೆ ಇರುವುದು ಬಲಗಡೆ, 314 ಅಡಿ. ಎಡಗೈ ಬ್ಯಾಟರ್‌ಗಳಿಗೆ ಅನುಕೂಲ. ಬೆಲಿಂಜರ್, ಜ್ಯಾಜ್ ಚಿಸಮ್, ಆಸ್ಟಿನ್ ವೆಲ್ಸ್, ಬೆನ್ ರೈಸ್, ನಾಲ್ವರೂ ಎಡಗೈಯವರು. ಸುಮ್ನೆ ಬ್ಯಾಟಿಂಗ್ ಸರಾಸರಿ ಹೋಲಿಸಿದರೆ ಇದು ತಿಳಿಯುವುದಿಲ್ಲ.

ಕೊನೆಯ ಪುಟ ಕೆಳಗಿನ ತಂಡಗಳದ್ದು, ಅಂದರೆ ಆಟಗಾರರನ್ನು ಬೆಳೆಸಿ ಮೇಲಕ್ಕೆ ಕಳಿಸುವ ತಂಡಗಳದ್ದು. ಮೇಲಿನ ತಂಡದಲ್ಲಿ 26 ಜನ, ಅದರಲ್ಲಿ ಪಿಚರ್‌ಗಳು 13ಕ್ಕಿಂತ ಹೆಚ್ಚಿರುವಂತಿಲ್ಲ. ಅದರ ಹಿಂದೆ 40 ಜನರ ಪಟ್ಟಿ. ಆ 40ರಲ್ಲಿ ಯಾರನ್ನು ಬೇಕೆಂದಾಗ ಕೆಳಗೆ ಕಳಿಸಿ ಮತ್ತೆ ಕರೆಸಬಹುದು ಅನ್ನುವುದು ತುಂಬಾ ಮುಖ್ಯ. ನಮ್ಮೂರಿನ ಪಕ್ಕದ ವುಸ್ಟರ್‌ನಲ್ಲಿ ರೆಡ್ ಸಾಕ್ಸ್‌ನ ಟ್ರಿಪಲ್-ಎ, ಅಂದರೆ ಮೇಲಿನ ತಂಡಕ್ಕೆ ಒಂದೇ ಮೆಟ್ಟಿಲು ಕೆಳಗಿನ ತಂಡ ಇದೆ, ಪೋಲಾರ್ ಪಾರ್ಕ್‌ನಲ್ಲಿ. 2024ರ ಬೇಸಿಗೆ ಕೊನೆಯಲ್ಲಿ ಮಗನನ್ನು ಕರೆದುಕೊಂಡು ಹೋಗಿ ರೋಮನ್ ಆಂಥನಿ, ಕೈಲ್ ಟೀಲ್ ಇಬ್ಬರನ್ನೂ ನೋಡಿದ್ದೆ. ಟೀಲ್ ಒಳ್ಳೆಯ ಕ್ಯಾಚರ್. ಡಿಸೆಂಬರ್‌ನಲ್ಲಿ ಕ್ರೋಶೆಯನ್ನು ತರಲು ಕೊಟ್ಟ ನಾಲ್ವರಲ್ಲಿ ಅವನೂ ಹೋದ. ಮಗ ಅವತ್ತು ಸರಿಯಾಗಿ ಊಟ ಮಾಡಲಿಲ್ಲ. ಆಂಥನಿ ಹೆಸರನ್ನು ಮಾತ್ರ ಪುಟದಲ್ಲಿ ದೊಡ್ಡದಾಗಿ ಬರೆದಿಟ್ಟೆ. ಅವನು ಚೆಂಡಿಗೆ ಕಾಯುವ ತಾಳ್ಮೆಯನ್ನು ಕಣ್ಣಾರೆ ನೋಡಿದ್ದೆ.

ಯಾಂಕೀಸ್‌ನ ಕೆಳಗಿನ ತಂಡಗಳನ್ನು ನಾನು ನೋಡಿರಲಿಲ್ಲ. ಆ ಪುಟದಲ್ಲಿ ಅಂಕಿ ಅಂಶ ನಕಲು ಮಾಡಿ ನಾಲ್ಕು ಹೆಸರು ಹಾಕಿ ಮುಗಿಸಿದೆ.

ಎರಡೂ ತಂಡಗಳ ಸೀಸನ್ ಶುರುವಾದದ್ದು ಮಾರ್ಚ್ 27ರಂದು. ಯುಗಾದಿ 30ಕ್ಕೆ. ಅಕ್ಕ, ಭಾವ ಹಬ್ಬಕ್ಕೆ ನಮ್ಮ ಮನೆಗೆ ಬಂದಿದ್ದರು. ಹಿಂದಿನ ದಿನವೇ ಯಾಂಕೀಸ್ 9 ಹೋಮ್ ರನ್ ಹೊಡೆದು ಮಿಲ್ವಾಕಿಯನ್ನು 20-9ರಿಂದ ಸೋಲಿಸಿತ್ತು. ಬಾಸ್ಟನ್ ಟೆಕ್ಸಸ್‌ನಲ್ಲಿ ಮೊದಲ ಪಂದ್ಯ ಗೆದ್ದು ಆಮೇಲೆ ಸೋಲುತ್ತಿತ್ತು. ಒಬ್ಬಟ್ಟು ತಿನ್ನುತ್ತಾ ನಾನು ನನ್ನ ಪುಸ್ತಕ ತೋರಿಸಿದೆ.

"ಭಾವ, ನಮ್ಮವರು ನಿಮಗಿಂತ ಎರಡು ಪಂದ್ಯ ಜಾಸ್ತಿ ಗೆಲ್ತಾರೆ. ನಿಮ್ಮ ಈ 345 ಇನಿಂಗ್ಸ್ ಯಾರು ಎಸೀತಾರೆ ಹೇಳಿ?"

ಅವರು ಪುಟ ತಿರುವಿ ನೋಡಿದರು. "ಯಾರೋ ಒಬ್ಬ ಎಸೀತಾನೆ ಬಿಡಯ್ಯ. ನಮ್ಮಲ್ಲಿ ಯಾರಾದ್ರೂ ಸಿಕ್ಕೇ ಸಿಗ್ತಾರೆ" ಅಂದರು.

ಅದು ಉತ್ತರವೇ ಅಲ್ಲ ಅಂತ ಅವತ್ತು ನನಗನಿಸಿತು.

ಸೀಸನ್ ಮುಗಿದಾಗ ಯಾಂಕೀಸ್ 94 ಗೆಲುವು, ಬಾಸ್ಟನ್ 89. ಪುಸ್ತಕ ತೆಗೆದು ಸಾಲು ಸಾಲಾಗಿ ನೋಡಿದೆ. ಕ್ರೋಶೆ ನಾನು ಕೊಟ್ಟ 160ನ್ನು ದಾಟಿ 200ರ ಮೇಲೆ ಎಸೆದಿದ್ದ, 255 ಸ್ಟ್ರೈಕ್‌ಔಟ್. ಬೆಯೊ, ಜಿಯೊಲಿಟೊ ಕೂಡ ಅಂದಾಜಿಗಿಂತ ಜಾಸ್ತಿ ಕೊಟ್ಟರು. ಆದರೆ ಹೌಕ್ ಒಂಬತ್ತು ಪಂದ್ಯಕ್ಕೇ ನಿಂತ, ಆಗಸ್ಟ್‌ನಲ್ಲಿ ಅವನ ಮೊಣಕೈಗೂ ಆಪರೇಷನ್. ಕ್ರಾಫರ್ಡ್ ಒಂದು ಚೆಂಡನ್ನೂ ಎಸೆಯಲಿಲ್ಲ. ಬ್ಯೂಲರ್‌ನನ್ನು ಆಗಸ್ಟ್ ಕೊನೆಗೆ ಬಿಟ್ಟುಬಿಟ್ಟರು. ಫಸ್ಟ್ ಬೇಸ್‌ನ ಟಿಕ್ ನಾನು ಟ್ರಿಸ್ಟನ್ ಕಸಾಸ್‌ಗೆ ಕೊಟ್ಟಿದ್ದೆ, ಮೇ ತಿಂಗಳ ಮೊದಲ ವಾರದಲ್ಲೇ ಮೊಣಕಾಲಿನ ಗಾಯದಿಂದ ಅವನ ಸೀಸನ್ ಮುಗಿಯಿತು. ಜೂನ್‌ನಲ್ಲಿ ನಮ್ಮ ದೊಡ್ಡ ಬ್ಯಾಟರ್ ರಫಾಯೆಲ್ ಡೆವರ್ಸ್‌ನನ್ನೇ ಸ್ಯಾನ್ ಫ್ರಾನ್ಸಿಸ್ಕೋಗೆ ಕೊಟ್ಟರು. ಅದಂತೂ ಯಾವ ಪುಟದಲ್ಲೂ ಇರಲಿಲ್ಲ.

ಆ ಕಡೆ ಫ್ರೀಡ್, ರೊಡಾನ್ ಇಬ್ಬರೂ 195 ಇನಿಂಗ್ಸ್ ದಾಟಿದರು. ನಾನು ಹುಡುಗ ಅಂತ ಬದಿಗಿಟ್ಟಿದ್ದ ವಾರೆನ್ ಇಡೀ ಸೀಸನ್ ತಪ್ಪದೆ ಎಸೆದ. ತಂಡದ ಹೋಮ್ ರನ್ 274, ಆ ವರ್ಷ ಎಲ್ಲ ತಂಡಗಳಿಗಿಂತ ಹೆಚ್ಚು. ಎದುರಾಬದುರು 13 ಪಂದ್ಯಗಳಲ್ಲಿ ಬಾಸ್ಟನ್ 9 ಗೆದ್ದಿತ್ತು ಅನ್ನುವುದೇ ನನಗಿದ್ದ ಸಮಾಧಾನ.

ಆಮೇಲೆ ಎರಡೂ ತಂಡ ವೈಲ್ಡ್ ಕಾರ್ಡ್ ಸುತ್ತಿನಲ್ಲಿ, ಅಂದರೆ ನಾಕೌಟ್‌ನ ಮೂರು ಪಂದ್ಯಗಳ ಮೊದಲ ಸುತ್ತಿನಲ್ಲಿ, ಎದುರಾದವು, ಯಾಂಕೀ ಸ್ಟೇಡಿಯಂನಲ್ಲಿ. ಮೊದಲ ಪಂದ್ಯ ನಮ್ಮದು, ಎರಡನೆಯದು ಅವರದು. ಅಕ್ಟೋಬರ್ 2ರ ಮೂರನೇ ಪಂದ್ಯಕ್ಕೆ ಇಳಿದ ಪಿಚರ್‌ಗಳು: ಬಾಸ್ಟನ್‌ಗೆ ಕಾನಲಿ ಅರ್ಲಿ, ಯಾಂಕೀಸ್‌ಗೆ ಕ್ಯಾಮ್ ಶ್ಲಿಟ್ಲರ್. ಇಬ್ಬರೂ ಅದೇ ವರ್ಷ ಮೇಲೆ ಬಂದವರು. ನಾನು ಪುಸ್ತಕ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ನಾಲ್ಕು ಪುಟದಲ್ಲಿ ಇಬ್ಬರ ಹೆಸರೂ ಇರಲಿಲ್ಲ.

ಶ್ಲಿಟ್ಲರ್ 8 ಇನಿಂಗ್ಸ್ ಎಸೆದ. 12 ಸ್ಟ್ರೈಕ್‌ಔಟ್. ಒಂದು ರನ್ ಕೂಡ ಕೊಡಲಿಲ್ಲ, ಒಬ್ಬನನ್ನೂ ಪುಕ್ಕಟೆ ಬೇಸ್‌ಗೆ ನಡೆಸಲಿಲ್ಲ. 4-0. ಅವನು ಬೆಳೆದದ್ದು ನಮ್ಮ ಮ್ಯಾಸಚೂಸೆಟ್ಸ್‌ನ ವಾಲ್ಪೋಲ್‌ನಲ್ಲಿ. ಆ ಸೀಸನ್ ಶುರು ಮಾಡಿದ್ದು ಟ್ರಿಪಲ್-ಎಗಿಂತ ಒಂದು ಮೆಟ್ಟಿಲು ಕೆಳಗಿನ, ಸಾಮರ್‌ಸೆಟ್‌ನ ಡಬಲ್-ಎ ತಂಡದಲ್ಲಿ. ಆ ಮೈದಾನ ಇರುವುದು ನ್ಯೂಜೆರ್ಸಿಯ ಬ್ರಿಡ್ಜ್‌ವಾಟರ್‌ನಲ್ಲಿ, ಭಾವನ ಮನೆಗೆ ಹತ್ತಿರ.

ಪಂದ್ಯ ಮುಗಿದ ಮೇಲೆ ಫೋನ್ ಮಾಡಿದೆ. ಅವರು ಖುಷಿಯಲ್ಲಿದ್ದರೂ ನನ್ನ ಮನಸ್ಸು ನೋಯಿಸುವ ಮಾತಾಡಲಿಲ್ಲ.

"ಭಾವ, ಮುಂದಿನ ವರ್ಷದ ಪುಸ್ತಕ ಇಬ್ಬರೂ ಸೇರಿ ಬರೆಯೋಣ. ಕೆಳಗಿನ ತಂಡದ ಪುಟ ಮೊದಲು. ವುಸ್ಟರ್ ನಾನು ನೋಡ್ಕೋತೀನಿ. ಬ್ರಿಡ್ಜ್‌ವಾಟರ್‌ಗೆ ನೀವು ಹೋಗಿ ಬನ್ನಿ."

"ಟಿಕೆಟ್ ಎಷ್ಟಂತೆ?" ಅಂದರು.