ಪಾತರಗಿತ್ತಿಯ ಕಾಲು ಹಿಡಿದು ಮೋಸ ಹೋದದ್ದು

ತುರಹಳ್ಳಿಯಲ್ಲಿ ಮೊದಲ ಚಿಟ್ಟೆ ಹಿಡಿದಾಗ ಕಾಲು ಎಣಿಸಿದೆ. ನಾಲ್ಕೇ! ಯಾರೋ ನನಗಿಂತ ಮೊದಲೇ ಬಂದು ಎರಡು ಕಿತ್ತುಕೊಂಡು ಹೋಗಿದ್ದಾರೆ ಅಂದುಕೊಂಡೆ. ಜೊತೆಗಿದ್ದ ಸೀನಿಯರ್ ನಕ್ಕರು. "ಮುಂದಿನ ಎರಡು ಸಣ್ಣಗಾಗಿ ಎದೆಗೆ ಅಂಟಿಕೊಂಡಿವೆ ನೋಡು, ಈ ಕುಟುಂಬದವೆಲ್ಲ ಹೀಗೇ."

ಹಿಡಿದದ್ದು ಟಾನಿ ಕಾಸ್ಟರ್. ಇಟ್ಟಿಗೆ ಬಣ್ಣ, ಕಪ್ಪು ಚುಕ್ಕಿ, ಸೋಮಾರಿ ಹಾರಾಟ. ಬೆಂಗಳೂರಿನ ಖಾಲಿ ಸೈಟುಗಳಲ್ಲೂ ಸಿಗುತ್ತದೆ. ನಾನು ಸೇರಿದ್ದು ಅಳಿವಿನಂಚಿನ ಚಿಟ್ಟೆಗಳ ಕೆಲಸಕ್ಕೆ, ಆದರೆ ಕೈ ಪಳಗದವರಿಗೆ ಡಿಎನ್ಎ ಪರೀಕ್ಷೆಗೆ ಅಂತ ಅವುಗಳ ಕಾಲು ಕೀಳಲು ಯಾರು ಬಿಡುತ್ತಾರೆ? ಅದಕ್ಕೇ ಅಭ್ಯಾಸಕ್ಕೆ ಈ ಗಟ್ಟಿ ಜೀವ. ಹಿಡಿದರೆ ಹಳದಿ ರಸ ಬಿಡುತ್ತದೆ, ಕೆಟ್ಟ ವಾಸನೆ, ಹಕ್ಕಿಗಳೂ ಇದರ ತಂಟೆಗೆ ಜಾಸ್ತಿ ಹೋಗುವುದಿಲ್ಲ.

ಪ್ರಶ್ನೆ ಸರಳ. ತುರಹಳ್ಳಿ, ಹೆಸರಘಟ್ಟ, ಬನ್ನೇರುಘಟ್ಟದ ಅಂಚು, ಇವೆಲ್ಲ ಈಗ ದ್ವೀಪಗಳಂತೆ ಉಳಿದಿವೆ, ನಡುವೆ ರಸ್ತೆ, ಲೇಔಟ್, ಅಪಾರ್ಟ್‌ಮೆಂಟ್. ಆಚೆಯ ಚಿಟ್ಟೆ ಈಚೆ ಬರದಿದ್ದರೆ ಇಲ್ಲಿರುವವು ತಮ್ಮತಮ್ಮಲ್ಲೇ ಕೂಡಬೇಕು. ನಮ್ಮಲ್ಲಿ ಸೋದರಿಕೆ ಸಂಬಂಧ ಅಂತೀವಲ್ಲ, ಹಾಗೆ, ಆದರೆ ತಲೆಮಾರಿಂದ ತಲೆಮಾರಿಗೆ ಅದೇ. ಮರಿ ಮಾಡುವ ಚಿಟ್ಟೆ 50 ಮಾತ್ರ ಉಳಿದರೆ ಲೆಕ್ಕದ ಪ್ರಕಾರ ಪ್ರತಿ ತಲೆಮಾರಿಗೆ ಶೇಕಡ 1ರಷ್ಟು ಆನುವಂಶಿಕ ವೈವಿಧ್ಯ ಕಳೆದುಹೋಗುತ್ತದೆ. ಸ್ವಲ್ಪ ಅಲ್ವಾ ಅನ್ನಿಸಬಹುದು. ಚಿಟ್ಟೆಗೆ ವರ್ಷಕ್ಕೆ ಎಷ್ಟೋ ತಲೆಮಾರು. ಫಿನ್‌ಲೆಂಡಿನ ಓಲಂಡ್ ದ್ವೀಪಗಳಲ್ಲಿ ಗ್ಲಾನ್‌ವಿಲ್ ಫ್ರಿಟಿಲರಿ ಅನ್ನುವ ಚಿಟ್ಟೆಯ 42 ಗುಂಪುಗಳನ್ನು ಹೀಗೇ ಪರೀಕ್ಷಿಸಿದ್ದರು. ಅದರಲ್ಲಿ 7 ಗುಂಪು ಸ್ವಲ್ಪ ಸಮಯದಲ್ಲೇ ಇಲ್ಲವಾದವು, ವೈವಿಧ್ಯ ಕಡಿಮೆ ಇದ್ದ ಗುಂಪುಗಳಿಗೇ ಅಪಾಯ ಹೆಚ್ಚು ಅಂತ 1998ರಲ್ಲಿ ತೋರಿಸಿದರು. ಅದನ್ನು ಓದಿಯೇ ನನಗೆ ಈ ಹುಚ್ಚು ಹಿಡಿದದ್ದು.

ಕಾಲು ತೆಗೆಯುವುದು ನಿಮಿಷದ ಕೆಲಸ. ರೆಕ್ಕೆ ನಾಲ್ಕನ್ನೂ ಬೆನ್ನ ಮೇಲೆ ಮಡಚಿ ಎರಡು ಬೆರಳಲ್ಲಿ ಹಿಡಿಯಬೇಕು, ಒತ್ತಬಾರದು. ಚಿಮಟದಿಂದ ಮಧ್ಯದ ಒಂದು ಕಾಲನ್ನು ಬುಡದ ಹತ್ತಿರ ಹಿಡಿದರೆ ಸಣ್ಣಗೆ ಕಳಚಿಕೊಳ್ಳುತ್ತದೆ. ಬಿಟ್ಟ ತಕ್ಷಣ ಅದು ಹೋಗಿ ಹೂವಿನ ಮೇಲೆ ಕೂರುತ್ತದೆ, ಮೂರು ಕಾಲಲ್ಲಿ. ಕಾಲನ್ನು ಶುದ್ಧ ಎಥನಾಲ್ ಇರುವ ಟ್ಯೂಬಿಗೆ ಹಾಕಿ, ಲೇಬಲ್ ಒಳಗಿಟ್ಟು, ಸಂಜೆ ಫ್ರೀಜರಿಗೆ.

ಆ ಲೇಬಲ್ ಅನ್ನು ನಾನು ಜೆಲ್ ಪೆನ್ನಿನಲ್ಲಿ ಬರೆದಿದ್ದೆ. ಮರುದಿನ ನೋಡಿದರೆ ಒಂದು ರ‍್ಯಾಕ್ ಟ್ಯೂಬುಗಳಲ್ಲಿ ತಿಳಿ ನೀಲಿ ನೀರು, ಖಾಲಿ ಚೀಟಿ. ಯಾವುದು ಹೆಸರಘಟ್ಟದ್ದು, ಯಾವುದು ತುರಹಳ್ಳಿಯದು, ದೇವರಿಗೇ ಗೊತ್ತು. ಊಹೆ ಮಾಡಿ ಹಂಚೋಣ ಅನ್ನಿಸಿತು. ಮಾಡಲಿಲ್ಲ, ಎಸೆದೆ. ಎರಡು ಕಡೆಯ ಚಿಟ್ಟೆಗಳನ್ನು ಒಂದೇ ಗುಂಪು ಅಂತ ಲೆಕ್ಕ ಹಾಕಿದರೂ, ಸೋದರಿಕೆ ಇಲ್ಲದಿದ್ದರೂ ಇದ್ದಂತೆಯೇ ಕಾಣಬಹುದು. ಅಂದಿನಿಂದ ಪೆನ್ಸಿಲ್.

ಲ್ಯಾಬಿನ ಭಾಗ ಬೇಗ ಹೇಳಿಬಿಡುತ್ತೇನೆ. ಕಾಲನ್ನು ಪ್ರೋಟೀನ್ ಕರಗಿಸುವ ಪ್ರೋಟೀನೇಸ್ ಕೆ ಜೊತೆ 56 ಡಿಗ್ರಿಯಲ್ಲಿ ರಾತ್ರಿಯಿಡೀ ನೆನೆಸಿ ಡಿಎನ್ಎ ತೆಗೆಯುವುದು, ಪಿಸಿಆರ್ ಮಾಡುವುದು, ಅಂದರೆ ಪ್ರೈಮರ್ ಅನ್ನುವ ಚಿಕ್ಕ ಡಿಎನ್ಎ ತುಂಡುಗಳನ್ನು ಅಂಟಿಸಿ ಬೇಕಾದ ಭಾಗವನ್ನು ನಕಲು ಮಾಡುವುದು, ಮೈಕ್ರೋಸ್ಯಾಟಲೈಟ್ ಅನ್ನುವ, ಒಂದೇ ಅಕ್ಷರಗಳು ಮತ್ತೆಮತ್ತೆ ಬರುವ ಡಿಎನ್ಎ ಗುರುತುಗಳ ಉದ್ದ ಅಳೆಯುವುದು. ಪ್ರತಿ ಚಿಟ್ಟೆಗೂ ಒಂದು ಗುರುತಿಗೆ ಅಪ್ಪನದೊಂದು, ಅಮ್ಮನದೊಂದು ಪ್ರತಿ. ಎರಡೂ ಬೇರೆ ಉದ್ದ ಇದ್ದರೆ ವೈವಿಧ್ಯ, ಒಂದೇ ಇರುವವು ಜಾಸ್ತಿ ಆದರೆ ಅನುಮಾನ.

ನನ್ನ ಪಟ್ಟಿಯಲ್ಲಿ ಒಂದೇ ಉದ್ದದವು ಬೇಕಾಬಿಟ್ಟಿ ಇದ್ದವು. ಎಲ್ಲ ಜಾಗದಲ್ಲೂ. ಅಂದು ರಾತ್ರಿ ನಿದ್ದೆ ಬರಲಿಲ್ಲ, ಸುಳ್ಳು ಯಾಕೆ, ಖುಷಿಗೆ. ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ "ಸೋದರಿಕೆ!!" ಅಂತ ಬರೆದೆ. ಗೈಡ್ ನೋಡಿ ಏನೂ ಹೇಳದೆ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ "ಪ್ರೈಮರ್?" ಅಂತ ಬರೆದು ಕೊಟ್ಟರು.

ಸಿಟ್ಟು ಬಂತು. ಆದರೆ ಯೋಚಿಸಿದರೆ ಅವರ ಪ್ರಶ್ನೆ ನ್ಯಾಯವೇ. ಈ ಚಿಟ್ಟೆ ಏಷ್ಯಾದಿಂದ ಹರಡುತ್ತಾ 2012ರಲ್ಲಿ ಆಸ್ಟ್ರೇಲಿಯಾ ಮುಟ್ಟಿದೆ, ಅದಕ್ಕೆ ನಮ್ಮ ಕನಕಪುರ ರಸ್ತೆ ದಾಟಲು ಆಗುವುದಿಲ್ಲವೇ? ಇನ್ನೊಂದು, ನಿಜವಾಗಿ ರಕ್ತಸಂಬಂಧ ಕೂಡಿದ್ದರೆ ಎಲ್ಲ ಗುರುತುಗಳಲ್ಲೂ ಹೆಚ್ಚುಕಡಿಮೆ ಒಂದೇ ತರ ಕಾಣಬೇಕು. ನನ್ನದರಲ್ಲಿ ಮೂರು ಗುರುತು ಅತಿರೇಕ, ಉಳಿದವು ಸರಿಯಾಗೇ ಇದ್ದವು. ಚಿಟ್ಟೆ, ಪತಂಗಗಳಲ್ಲಿ ಮೈಕ್ರೋಸ್ಯಾಟಲೈಟ್ ಮೊದಲಿಂದಲೂ ತಲೆನೋವು. ಪ್ರೈಮರ್ ಅಂಟಬೇಕಾದ ಜಾಗದಲ್ಲೇ ಒಂದು ಅಕ್ಷರ ಬದಲಾಗಿದ್ದರೆ ಆ ಪ್ರತಿ ನಕಲೇ ಆಗದಿರಬಹುದು. ಇದ್ದೂ ಇಲ್ಲದಂತೆ, ನೋಡಿದವರಿಗೆ ಎರಡೂ ಒಂದೇ ಉದ್ದ ಅನ್ನಿಸುತ್ತದೆ. ಇದಕ್ಕೆ ನಲ್ ಅಲೀಲ್ ಅಂತಾರೆ.

ಹಿಡಿಯಲು ದಾರಿ ಒಂದು ಹೊಳೆಯಿತು. ಮನೆಯ ಬಾಲ್ಕನಿಯಲ್ಲಿ ಪ್ಯಾಶನ್ ಹಣ್ಣಿನ ಬಳ್ಳಿ ಇತ್ತು. ಒಂದು ಹೆಣ್ಣನ್ನು ತಂದು ಬಲೆಯೊಳಗೆ ಬಿಟ್ಟೆ. ಎಲೆಯ ಅಡಿಯಲ್ಲಿ ಹಳದಿ ಮೊಟ್ಟೆಗಳನ್ನು ಗುಂಪಾಗಿ ಇಟ್ಟಿತು, ಮುಳ್ಳುಮುಳ್ಳು ಹುಳುಗಳು ಬಳ್ಳಿಯನ್ನು ಬೋಳು ಮಾಡಿದವು. ಅಮ್ಮ ಮಾತಾಡಲಿಲ್ಲ ಎರಡು ದಿನ. ಅವು ಚಿಟ್ಟೆಯಾದ ಮೇಲೆ ತಾಯಿ, ಮಕ್ಕಳು ಎಲ್ಲರ ಕಾಲನ್ನೂ ಪರೀಕ್ಷಿಸಿದೆ.

ಒಂದು ಗುರುತಿನಲ್ಲಿ ತಾಯಿಗೆ 182 ಉದ್ದದ ಪ್ರತಿ ಮಾತ್ರ. ಮಕ್ಕಳಲ್ಲಿ ಕೆಲವಕ್ಕೆ 190 ಮಾತ್ರ, 182 ಇಲ್ಲವೇ ಇಲ್ಲ. ಹೆತ್ತ ತಾಯಿಯದೇ ಇಲ್ಲದ ಮಕ್ಕಳು! ಚಿಟ್ಟೆಗಳಲ್ಲಿ ಹೆಣ್ಣಿಗೆ ಝಡ್ ಅನ್ನುವ ಲಿಂಗ ವರ್ಣತಂತು ಒಂದೇ, ಅದು ಗಂಡುಮಕ್ಕಳಿಗೆ ಮಾತ್ರ ಹೋಗುತ್ತದೆ, ಗುರುತು ಅದರ ಮೇಲಿದ್ದರೆ ಹೆಣ್ಣುಮಕ್ಕಳಲ್ಲಿ ಹೀಗೆ ಕಾಣಬಹುದು. ಆದರೆ ಇಲ್ಲಿ ಗಂಡುಗಳಲ್ಲೂ ಇತ್ತು. ಅಂದರೆ ತಾಯಿಗೆ ಇನ್ನೊಂದು ಪ್ರತಿ ಇದೆ, ಈ ಮಕ್ಕಳಿಗೆ ಹೋದದ್ದು ಅದೇ, ನನ್ನ ಪ್ರೈಮರಿಗೆ ಕಾಣಿಸಿಲ್ಲ ಅಷ್ಟೇ.

ಮೂರೂ ಗುರುತು ಬಿಟ್ಟು ಲೆಕ್ಕ ಹಾಕಿದೆ. ಸೋದರಿಕೆ ಮಾಯ. ತುರಹಳ್ಳಿಯ ಚಿಟ್ಟೆಗೂ ಹೆಸರಘಟ್ಟದ ಚಿಟ್ಟೆಗೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ನೋಟ್‌ಬುಕ್ಕಿನ ಆ ಪುಟ ಹರಿದು ಹಾಕಿಲ್ಲ. "ಪ್ರೈಮರ್?" ಅನ್ನುವುದರ ಕೆಳಗೆ "ಹೌದು ಸರ್" ಅಂತ ಬರೆದು ಅವರ ಟೇಬಲ್ ಮೇಲಿಟ್ಟು ಬಂದೆ. ಪೆನ್ಸಿಲ್‌ನಲ್ಲೇ.