ವಿಮೆ ಮಾರ್ಕೆಟ್‌ಪ್ಲೇಸ್‌ನ ಡೇಟಾವನ್ನು ಕೋಡಿಂಗ್ ಅಸಿಸ್ಟೆಂಟ್‌ಗೆ ಜೋಡಿಸಿದ್ದು: ನನ್ನ ಅನುಭವ

ನಾರ್ತ್ ಕ್ಯಾರೊಲೈನಾದ ಮಾರಿಸ್‌ವಿಲ್‌ನಲ್ಲಿ ನೆಲೆಸಿರುವ ನಾನು, ಕಾಯಂ ನೌಕರಿ ಬಿಟ್ಟು ಸ್ವಂತವಾಗಿ ಕನ್ಸಲ್ಟಿಂಗ್ ಮಾಡಬೇಕೆಂದು 2025ರ ಅಕ್ಟೋಬರ್‌ನಲ್ಲಿ ನಿರ್ಧರಿಸಿದಾಗ ಮನೆಯಲ್ಲಿ ಎದ್ದ ಮೊದಲ ಪ್ರಶ್ನೆ ಆರೋಗ್ಯ ವಿಮೆಯದು. ಕಂಪನಿಯ ವಿಮೆ ಡಿಸೆಂಬರ್ 31ಕ್ಕೆ ಮುಗಿಯುತ್ತಿತ್ತು. ಅದನ್ನೇ ಕೋಬ್ರಾ ಕಾನೂನಿನಡಿ ಮುಂದುವರಿಸಬಹುದಿತ್ತಾದರೂ, ಅದುವರೆಗೆ ಕಂಪನಿ ಭರಿಸುತ್ತಿದ್ದ ಪಾಲೂ ಸೇರಿ ಪೂರ್ಣ ಪ್ರೀಮಿಯಂನ ಶೇ. 102ರವರೆಗೆ ನಾವೇ ತೆರಬೇಕಾಗುತ್ತಿತ್ತು. ಉಳಿದ ದಾರಿಯೆಂದರೆ ಅಫೋರ್ಡಬಲ್ ಕೇರ್ ಆಕ್ಟ್ ಪ್ರಕಾರ 2013ರಲ್ಲಿ ಶುರುವಾದ ಮಾರ್ಕೆಟ್‌ಪ್ಲೇಸ್, ಅಂದರೆ ವಿಮಾ ಪ್ಲಾನ್‌ಗಳನ್ನು ಹೋಲಿಸಿ ಆರಿಸಿಕೊಳ್ಳುವ ಸರ್ಕಾರಿ ವೆಬ್‌ಸೈಟ್ ಹೆಲ್ತ್‌ಕೇರ್ ಡಾಟ್ ಗವ್. ಅಲ್ಲಿ ನವೆಂಬರ್ 1ಕ್ಕೆ ನೋಂದಣಿ ತೆರೆಯುತ್ತದೆ. ಜನವರಿ 1ರಿಂದ ವಿಮೆ ಜಾರಿಗೆ ಬರಬೇಕಾದರೆ ಡಿಸೆಂಬರ್ 15ರೊಳಗೆ ಪ್ಲಾನ್ ಆರಿಸಿಕೊಳ್ಳಬೇಕು.

ಪ್ಲಾನ್‌ಗಳ ಪಟ್ಟಿಯನ್ನು ಎರಡು ರಾತ್ರಿ ಕೂತು ನೋಡಿ ಸೋತೆ. ವೆಬ್‌ಸೈಟ್ ಚೆನ್ನಾಗಿಯೇ ಇದೆ, ಆದರೆ ನನಗೆ ಬೇಕಿದ್ದದ್ದು "ಆದಾಯ ಇಷ್ಟಾದರೆ, ವರ್ಷಕ್ಕೆ ಇಷ್ಟು ಸಲ ಡಾಕ್ಟರ ಬಳಿ ಹೋದರೆ, ಈ ಔಷಧಿಗಳೂ ಸೇರಿದರೆ ಒಟ್ಟು ಎಷ್ಟು?" ಎಂಬ ಲೆಕ್ಕ. ದಿನವಿಡೀ ಟರ್ಮಿನಲ್‌ನಲ್ಲಿ ಎಐ ಕೋಡಿಂಗ್ ಅಸಿಸ್ಟೆಂಟ್ ಬಳಸುವವನಾದ್ದರಿಂದ, ಡೇಟಾವನ್ನು ಅದರ ಕೈಗೇ ಕೊಟ್ಟು ಲೆಕ್ಕ ಹಾಕಿಸುವುದು ಸುಲಭ ಎನಿಸಿತು. ಜೋಡಣೆ ನಿಜಕ್ಕೂ ಒಂದು ಸಂಜೆಯಲ್ಲಿ ಮುಗಿಯಿತು. ಅದು ಕೊಡುವ ಉತ್ತರವನ್ನು ನಂಬುವ ಸ್ಥಿತಿಗೆ ತರಲು ಮೂರು ವಾರ ಹಿಡಿಯಿತು.

ಮೆಡಿಕೇರ್, ಮೆಡಿಕೈಡ್ ಯೋಜನೆಗಳನ್ನು ನೋಡಿಕೊಳ್ಳುವ ಕೇಂದ್ರ ಸಂಸ್ಥೆಯಾದ ಸಿಎಂಎಸ್, ಮಾರ್ಕೆಟ್‌ಪ್ಲೇಸ್‌ನ ಮಾಹಿತಿಗಾಗಿ ಒಂದು ಎಪಿಐ, ಅಂದರೆ ಪ್ರೋಗ್ರಾಂಗಳು ನೇರವಾಗಿ ಡೇಟಾ ಕೇಳಿ ಪಡೆಯುವ ಸಂಪರ್ಕವನ್ನು, ನಡೆಸುತ್ತದೆ. ಅರ್ಜಿ ಹಾಕಿ ಕೀ ಪಡೆದುಕೊಂಡರೆ ಪಿನ್‌ಕೋಡ್‌ನಂತಿರುವ ಜಿಪ್ ಕೋಡ್‌ನಿಂದ ಕೌಂಟಿಯನ್ನು (ಜಿಲ್ಲೆಯಂಥ ಆಡಳಿತ ವಿಭಾಗ) ಹುಡುಕುವುದು, ಪ್ಲಾನ್‌ಗಳನ್ನು ಹುಡುಕುವುದು, ಪ್ರೀಮಿಯಂಗೆ ಸರ್ಕಾರ ಕೊಡುವ ಸಹಾಯಧನವನ್ನು ಅಂದಾಜಿಸುವುದು, ಔಷಧಿ ಒಳಗೊಂಡಿದೆಯೇ ಎಂದು ನೋಡುವುದು ಎಲ್ಲವೂ ಅದರಿಂದ ಸಾಧ್ಯ. ಇದನ್ನು ಅಸಿಸ್ಟೆಂಟ್‌ಗೆ ಜೋಡಿಸಲು ಎಂಸಿಪಿ, ಅಂದರೆ 2024ರ ನವೆಂಬರ್‌ನಲ್ಲಿ ಆಂಥ್ರಾಪಿಕ್ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಅನ್ನು ಆರಿಸಿಕೊಂಡೆ. ಪೈಥಾನ್‌ನಲ್ಲಿ ಒಂದು ಸಣ್ಣ ಸರ್ವರ್ ಬರೆದು, ಮೇಲೆ ಹೇಳಿದ ಒಂದೊಂದು ಕೆಲಸಕ್ಕೂ ಅಸಿಸ್ಟೆಂಟ್ ಕರೆಯಬಹುದಾದ ಒಂದೊಂದು ಟೂಲ್ ಮಾಡಿದೆ. ಎಪಿಐ ಕೀಯನ್ನು ಕೋಡ್‌ನಲ್ಲಿ ಬರೆಯದೆ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇಟ್ಟೆ.

ಮೊದಲ ದಿನದ ಎಡವಟ್ಟು ನನ್ನದೇ. ಸರ್ವರ್ ಶುರುವಾದ ತಕ್ಷಣ ಸಂಪರ್ಕ ಕಡಿದುಹೋಗುತ್ತಿತ್ತು. ಒಂದು ಗಂಟೆ ತಡಕಾಡಿದ ಮೇಲೆ ಕಂಡದ್ದು, ಡಿಬಗ್‌ಗಾಗಿ ನಾನೇ ಬರೆದಿದ್ದ ಒಂದು ಪ್ರಿಂಟ್ ಸಾಲು. ಲೋಕಲ್ ಆಗಿ ಓಡುವ ಎಂಸಿಪಿ ಸರ್ವರ್ ಮಾತನಾಡುವುದೇ ಸ್ಟ್ಯಾಂಡರ್ಡ್ ಔಟ್‌ಪುಟ್ ಮೂಲಕ. ಅಲ್ಲಿ ಜೇಸನ್ ಆರ್‌ಪಿಸಿ ಎಂಬ ನಿಗದಿತ ರೂಪದ ಸಂದೇಶಗಳ ಹೊರತು ಬೇರೆ ಅಕ್ಷರ ಬಿದ್ದರೆ ಆಚೆ ಕಡೆಯವರಿಗೆ ಅದು ಕಸ. ಲಾಗ್‌ಗಳನ್ನೆಲ್ಲ ಸ್ಟ್ಯಾಂಡರ್ಡ್ ಎರರ್‌ಗೆ ತಿರುಗಿಸಿದ ಮೇಲೆ ಸರಿಹೋಯಿತು.

ಸಂಪರ್ಕ ಸ್ಥಿರವಾಯಿತು, ಉತ್ತರಗಳೂ ಬರತೊಡಗಿದವು, ಅಸಿಸ್ಟೆಂಟ್ ಬಹಳ ವಿಶ್ವಾಸದಿಂದ "ನಿಮ್ಮ ಕೌಂಟಿಯ ಅತ್ಯಂತ ಅಗ್ಗದ ಸಿಲ್ವರ್ ಪ್ಲಾನ್ ಇದು" ಎಂದಿತು. (ಬ್ರಾಂಜ್, ಸಿಲ್ವರ್, ಗೋಲ್ಡ್ ಎಂಬವು ಪ್ಲಾನ್‌ಗಳ ಲೋಹದ ಹೆಸರಿನ ಮಟ್ಟಗಳು.) ಉತ್ತರದ ಕೆಳಗಿದ್ದ ಮೂಲ ಡೇಟಾವನ್ನು ತೆರೆದು ನೋಡಿದರೆ ಎಪಿಐ ಕೊಟ್ಟಿದ್ದು ಮೊದಲ ಪುಟದ ಹತ್ತು ಪ್ಲಾನ್‌ಗಳನ್ನು ಮಾತ್ರ, ಒಟ್ಟು ಸಂಖ್ಯೆಯ ಅಂಕಣದಲ್ಲಿ ಅದಕ್ಕಿಂತ ಬಹಳ ದೊಡ್ಡ ಅಂಕಿಯಿತ್ತು. ಎಲ್ಲ ಪುಟಗಳನ್ನೂ ತಂದು ಮುಗಿಸಿದ ನಂತರವೇ ಉತ್ತರ ಕೊಡುವಂತೆ ಟೂಲನ್ನು ಬದಲಿಸಿದೆ. ಕೌಂಟಿಯ ವಿಷಯದಲ್ಲೂ ಇದೇ ಆಗಿತ್ತು. ಮಾರಿಸ್‌ವಿಲ್‌ನ ಹೆಚ್ಚಿನ ಭಾಗ ವೇಕ್ ಕೌಂಟಿಯಲ್ಲಿದ್ದರೂ ಒಂದು ತುಂಡು ಡರ್ಹಮ್ ಕೌಂಟಿಗೆ ಸೇರುತ್ತದೆ. ಜಿಪ್ ಕೋಡ್ ಕೊಟ್ಟಾಗ 37183 ಮತ್ತು 37063 ಎಂಬ ಎರಡು ಕೌಂಟಿ ಸಂಖ್ಯೆಗಳು ಬಂದಿದ್ದವು. ಅಸಿಸ್ಟೆಂಟ್ ಏನೂ ಕೇಳದೆ ಪಟ್ಟಿಯಲ್ಲಿ ಮೊದಲಿದ್ದ ಕೌಂಟಿಯನ್ನು ಎತ್ತಿಕೊಂಡಿತ್ತು. ಪ್ಲಾನ್‌ಗಳೂ ದರಗಳೂ ಕೌಂಟಿಯನ್ನು ಅವಲಂಬಿಸಿರುವುದರಿಂದ ಇದು ಸಣ್ಣ ತಪ್ಪಲ್ಲ. ಒಂದಕ್ಕಿಂತ ಹೆಚ್ಚು ಕೌಂಟಿ ಬಂದರೆ ಹುಡುಕಾಟದ ಟೂಲ್ ಮುಂದುವರಿಯದೆ "ಬಳಕೆದಾರರನ್ನು ಕೇಳಿ" ಎಂಬ ಎರರ್ ಕೊಡುವಂತೆ ಮಾಡಿದೆ. ಸೂಚನೆಯಲ್ಲಿ "ದಯವಿಟ್ಟು ಊಹಿಸಬೇಡ" ಎಂದು ಬರೆಯುವುದಕ್ಕಿಂತ, ಊಹಿಸಿದರೆ ಕೆಲಸವೇ ಆಗದಂತೆ ಟೂಲನ್ನು ಕಟ್ಟುವುದು ಎಷ್ಟೋ ಮೇಲು ಎಂಬುದು ನನಗೆ ಖಚಿತವಾದದ್ದು ಇಲ್ಲಿ.

ಒಂದೊಂದು ಪ್ಲಾನ್‌ನ ಜೇಸನ್ ರೂಪದ ಡೇಟಾ ತುಂಬ ದೊಡ್ಡದಾದ್ದರಿಂದ ನಾಲ್ಕೈದು ಪ್ಲಾನ್‌ಗಳಿಗೇ ಅಸಿಸ್ಟೆಂಟ್‌ನ ಕಾಂಟೆಕ್ಸ್ಟ್ (ಒಮ್ಮೆಗೆ ಓದಿಕೊಳ್ಳಬಲ್ಲ ಮಿತಿ) ಭರ್ತಿಯಾಗುತ್ತಿತ್ತು. ಹಾಗಾಗಿ ಪ್ಲಾನ್ ಸಂಖ್ಯೆ, ಹೆಸರು, ಲೋಹದ ಮಟ್ಟ, ಪ್ರೀಮಿಯಂ, ಡಿಡಕ್ಟಿಬಲ್ (ವಿಮೆ ಕೊಡತೊಡಗುವ ಮುನ್ನ ನಾವೇ ಭರಿಸಬೇಕಾದ ಮೊತ್ತ), ಕೈಯಿಂದ ಕಟ್ಟಬೇಕಾದ ಗರಿಷ್ಠ ಮೊತ್ತ ಇಷ್ಟನ್ನೇ ಉಳಿಸಿ ಮಿಕ್ಕದ್ದನ್ನು ಕತ್ತರಿಸಿದೆ. ಕತ್ತರಿ ಹಾಕಿದಾಗ ಇನ್ನೊಂದು ತಪ್ಪು ನುಸುಳಿತು. ಡಿಡಕ್ಟಿಬಲ್ ಎಂಬುದು ಒಂದೇ ಅಂಕಿಯಲ್ಲ, ಅದೊಂದು ಪಟ್ಟಿ. ಕೆಲವು ಪ್ಲಾನ್‌ಗಳಲ್ಲಿ ಚಿಕಿತ್ಸೆ ಮತ್ತು ಔಷಧಿಗೆ ಸೇರಿಸಿ ಒಂದೇ ಡಿಡಕ್ಟಿಬಲ್, ಕೆಲವದರಲ್ಲಿ ಎರಡೂ ಬೇರೆಬೇರೆ. ಸಾಲದ್ದಕ್ಕೆ ಒಬ್ಬರಿಗೆ ಎಷ್ಟು, ಇಡೀ ಕುಟುಂಬಕ್ಕೆ ಎಷ್ಟು ಎಂಬುದೂ ಬೇರೆ. ನಾನು ಪಟ್ಟಿಯ ಮೊದಲನೆಯದನ್ನು ಮಾತ್ರ ತೆಗೆದುಕೊಂಡಿದ್ದರಿಂದ ಔಷಧಿಗೆ ಪ್ರತ್ಯೇಕ ಡಿಡಕ್ಟಿಬಲ್ ಇರುವ ಪ್ಲಾನ್‌ಗಳೆಲ್ಲ ಅಗ್ಗವಾಗಿ ಕಾಣುತ್ತಿದ್ದವು. ಈ ತಪ್ಪನ್ನು ಅಸಿಸ್ಟೆಂಟ್‌ನ ತಲೆಗೆ ಕಟ್ಟುವಂತಿಲ್ಲ.

ಪ್ರೀಮಿಯಂ ಸರಿಯಿದೆಯೇ ಎಂದು ಪರೀಕ್ಷಿಸಲು ಬೇರೊಂದು ದಾರಿ ಸಿಕ್ಕಿತು. ನಾರ್ತ್ ಕ್ಯಾರೊಲೈನಾದಲ್ಲಿ ವಯಸ್ಸಿನ ದರಕ್ಕೆ ಕೇಂದ್ರದ ಕೋಷ್ಟಕವೇ ಅನ್ವಯಿಸುತ್ತದೆ. 21 ವರ್ಷದವರ ದರವನ್ನು 1 ಎಂದಿಟ್ಟುಕೊಂಡರೆ 45ಕ್ಕೆ 1.444, 42ಕ್ಕೆ 1.325, 14ರವರೆಗಿನ ಮಕ್ಕಳಿಗೆ 0.765. ನಾನು, ಹೆಂಡತಿ, ಇಬ್ಬರು ಮಕ್ಕಳು ಸೇರಿ 4.299. ಸಿಎಂಎಸ್ ಪ್ರತಿವರ್ಷ ಸಾರ್ವಜನಿಕವಾಗಿ ಬಿಡುವ ದರಗಳ ಫೈಲ್ ಇಳಿಸಿಕೊಂಡು, ಅದರಲ್ಲಿನ 21ರ ದರವನ್ನು 4.299ರಿಂದ ಗುಣಿಸಿ ನನ್ನ ಟೂಲ್ ಕೊಟ್ಟ ಪ್ರೀಮಿಯಂ ಜೊತೆ ಹೋಲಿಸಿದೆ. ಕೂಡಿ ಬರಲಿಲ್ಲ. ಟೂಲಿನ ಅಂಕಿಗೆ ಹೊಂದುತ್ತಿದ್ದದ್ದು 4.276. ಕಾರಣ ಹೊಳೆದಾಗ ನಗು ಬಂತು. ಹೆಂಡತಿಯ ಹುಟ್ಟುಹಬ್ಬ ಡಿಸೆಂಬರ್‌ನಲ್ಲಿ. ನಾನು ಅಂದಿನ ವಯಸ್ಸು 41 ಎಂದು ಕೊಟ್ಟಿದ್ದೆ, ವಿಮೆಗೆ ಲೆಕ್ಕ ಬರುವುದು ಅದು ಜಾರಿಯಾಗುವ ದಿನದ ವಯಸ್ಸು. ವಿಷಯ ಕೇಳಿದ ಆಕೆ, "ನನ್ನ ವಯಸ್ಸು ಒಂದು ವರ್ಷ ಕಡಿಮೆ ಮಾಡಿದ್ದನ್ನು ಯಾಕ್ರೀ ತಿದ್ದೋಕೆ ಹೋದ್ರಿ?" ಎಂದಳು. ಹಾಗೆಂದು ಜನ್ಮದಿನಾಂಕವನ್ನು ಟೂಲ್‌ಗೆ ಕೊಡಲು ನಾನು ಹೋಗಲಿಲ್ಲ. ಜನವರಿ 1ಕ್ಕೆ ಆಗುವ ವಯಸ್ಸಷ್ಟೇ ಸಾಕು. ಟೂಲ್‌ಗೆ ಕೊಟ್ಟದ್ದೆಲ್ಲವೂ ಮಾಡೆಲ್ ಓಡುವ ಸರ್ವರ್‌ಗೂ ಹೋಗುತ್ತದೆಂಬುದನ್ನು ನೆನಪಿನಲ್ಲಿಟ್ಟು ಹೆಸರು, ವಿಳಾಸ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಗಳನ್ನು ದೂರವಿಟ್ಟೆ, ಆದಾಯವನ್ನು ಸಾವಿರಕ್ಕೆ ದುಂಡಗೆ ಮಾಡಿದೆ.

ಸಹಾಯಧನದ ಭಾಗ ನಿಜಕ್ಕೂ ಅಪಾಯಕಾರಿಯಾಗಿತ್ತು. ಟೂಲನ್ನು ಕರೆಯದೆ ನೆನಪಿನಿಂದಲೇ ಉತ್ತರಿಸಿದ ಅಸಿಸ್ಟೆಂಟ್, ಆದಾಯ ಎಷ್ಟೇ ಇದ್ದರೂ ಬೆಂಚ್‌ಮಾರ್ಕ್ ಪ್ಲಾನ್‌ಗೆ (ಎರಡನೇ ಅತಿ ಅಗ್ಗದ ಸಿಲ್ವರ್ ಪ್ಲಾನ್‌ಗೆ) ಆದಾಯದ ಶೇ. 8.5ಕ್ಕಿಂತ ಹೆಚ್ಚು ಕಟ್ಟಬೇಕಾಗಿಲ್ಲ ಎಂದಿತು. ಅದು 2021ರಲ್ಲಿ ಬಂದು 2025ರ ಕೊನೆಯವರೆಗೆ ಮಾತ್ರ ನಿಗದಿಯಾಗಿದ್ದ ನಿಯಮ. 2026ಕ್ಕೆ ಬಡತನ ರೇಖೆಯ ಶೇ. 400 ಎಂಬ ಹಳೆಯ ಗಡಿ ಮರಳಿತ್ತು, ಅದನ್ನು ದಾಟಿದರೆ ಸಹಾಯಧನವೇ ಇಲ್ಲ. ನಾಲ್ವರ ಕುಟುಂಬಕ್ಕೆ ಅದು 1,28,600 ಡಾಲರ್. ನಮ್ಮ ಅಂದಾಜು ಆದಾಯ 1,20,000. ಆ ಮಟ್ಟದಲ್ಲಿ ನಮ್ಮ ಪಾಲು ಶೇ. 9.96, ಅಂದರೆ ತಿಂಗಳಿಗೆ 996 ಡಾಲರ್. ಎರಡನೇ ಅತಿ ಅಗ್ಗದ ಸಿಲ್ವರ್ ಪ್ಲಾನ್‌ನ ಪ್ರೀಮಿಯಂನಲ್ಲಿ ಅದನ್ನು ಕಳೆದು ಉಳಿದದ್ದು ಸಹಾಯಧನ. ಎಪಿಐನ ಅಂದಾಜೂ ಈ ಕೈಲೆಕ್ಕವೂ ಹೊಂದಿಕೊಂಡವು. ಕನ್ಸಲ್ಟಿಂಗ್‌ನಲ್ಲಿ ವರ್ಷದ ಕೊನೆಗೆ ಒಂದು ಒಳ್ಳೆಯ ಪ್ರಾಜೆಕ್ಟ್ ಬಂದು ಆದಾಯ ಆ ಗಡಿ ದಾಟಿತೆಂದರೆ, ಮುಂಗಡ ಪಡೆದ ಸಹಾಯಧನವನ್ನೆಲ್ಲ ತೆರಿಗೆ ಲೆಕ್ಕ ಸಲ್ಲಿಸುವಾಗ ಹಿಂತಿರುಗಿಸಬೇಕು. ಆದ್ದರಿಂದ ಸಹಾಯಧನದ ಟೂಲ್ ವರ್ಷವನ್ನು ಕಡ್ಡಾಯವಾಗಿ ಕೇಳುವಂತೆಯೂ, ಗಡಿಗೆ ಎಷ್ಟು ಡಾಲರ್ ಉಳಿದಿದೆ ಎಂಬುದನ್ನು ಪ್ರತಿ ಉತ್ತರದ ಜೊತೆ ತಿಳಿಸುವಂತೆಯೂ ಮಾಡಿದೆ.

ಕೊನೆಗೆ ಉಳಿದದ್ದು ಹೆಂಡತಿಯ ಥೈರಾಯ್ಡ್ ಮಾತ್ರೆ. ಔಷಧಿಯ ಟೂಲ್‌ಗೆ ಹೆಸರು ಸಾಲದು, ಆರ್‌ಎಕ್ಸ್‌ನಾರ್ಮ್ ಎಂಬ ಔಷಧಿಗಳ ಪಟ್ಟಿಯ ಸಂಖ್ಯೆ ಬೇಕು. ಆ ಮಾತ್ರೆಯಾದ ಲೆವೊಥೈರಾಕ್ಸಿನ್‌ನ ಒಂದೊಂದು ಪ್ರಮಾಣದ ಮಾತ್ರೆಗೂ ಒಂದೊಂದು ಸಂಖ್ಯೆ. 75 ಮೈಕ್ರೋಗ್ರಾಂ ಮಾತ್ರೆಯ ಸಂಖ್ಯೆ ಕೊಟ್ಟಾಗ, ನಾವು ಮೆಚ್ಚಿದ್ದ ಪ್ಲಾನ್‌ನಲ್ಲಿ ಅದು ಒಳಗೊಂಡಿಲ್ಲ ಎಂದು ಅಸಿಸ್ಟೆಂಟ್ ಹೇಳಿತು. ಮೂಲದಲ್ಲಿ ಇದ್ದದ್ದು "ಡೇಟಾ ನಾಟ್ ಪ್ರೊವೈಡೆಡ್". ವಿಮಾ ಕಂಪನಿ ಮಾಹಿತಿ ಕೊಟ್ಟಿಲ್ಲ ಎನ್ನುವುದಕ್ಕೂ ಔಷಧಿ ಇಲ್ಲ ಎನ್ನುವುದಕ್ಕೂ ಅಜಗಜಾಂತರ. ಅಂಥ ಉತ್ತರ ಬಂದಾಗ "ಮಾಹಿತಿ ಇಲ್ಲ, ಕಂಪನಿಯ ಔಷಧಿ ಪಟ್ಟಿಯನ್ನೇ ನೋಡಿ" ಎಂಬ ಪೂರ್ತಿ ವಾಕ್ಯವನ್ನೇ ಟೂಲ್ ಹಿಂತಿರುಗಿಸುವಂತೆ ಬದಲಿಸಿದೆ. ಆ ಪ್ಲಾನ್‌ನ ಪಿಡಿಎಫ್ ಪಟ್ಟಿಯನ್ನು ತೆರೆದು ಹುಡುಕಿದಾಗ ಲೆವೊಥೈರಾಕ್ಸಿನ್ ಮೊದಲ ದರ್ಜೆಯಲ್ಲೇ ಇತ್ತು.

ಡಾಕ್ಟರನ್ನು ಹುಡುಕುವ ಟೂಲ್ ಅರ್ಧಕ್ಕೇ ನಿಂತಿದೆ. ಮಕ್ಕಳ ಡಾಕ್ಟರು ಆ ಪ್ಲಾನ್‌ನ ನೆಟ್‌ವರ್ಕ್‌ನಲ್ಲಿದ್ದಾರೆಯೇ ಎಂಬುದನ್ನು ಹೆಂಡತಿ ಕ್ಲಿನಿಕ್‌ಗೆ ಫೋನ್ ಮಾಡಿ ಐದು ನಿಮಿಷದಲ್ಲಿ ತಿಳಿದುಕೊಂಡಳು. ಡಿಸೆಂಬರ್ 12ರಂದು ಇಬ್ಬರೂ ಕೂತು, ಅಸಿಸ್ಟೆಂಟ್ ಅನ್ನು ಮುಚ್ಚಿಟ್ಟು, ಅರ್ಜಿಯನ್ನು ವೆಬ್‌ಸೈಟ್‌ನಲ್ಲಿ ನಾವೇ ತುಂಬಿದೆವು. ಕೊನೆಯ ಪರದೆಯಲ್ಲಿ ಬಂದ ಪ್ರೀಮಿಯಂ, 4.299ರ ಲೆಕ್ಕಕ್ಕೆ ಸೆಂಟ್‌ಗಳಷ್ಟೇ ವ್ಯತ್ಯಾಸದಲ್ಲಿ ಹೊಂದಿತ್ತು.