ಬಾಂಡ್ ನಿಂತ ಜಾಗದಲ್ಲೇ ನಿಲ್ಲುವುದು ಹೇಗೆ?

ಡಾ. ರಾಜ್‌ಕುಮಾರ್ ಅವರ ಸಿಐಡಿ 999 ಸಿನಿಮಾಗಳನ್ನು ನೋಡಿ ಬೆಳೆದವರಿಗೆ ಜೇಮ್ಸ್ ಬಾಂಡ್ ಹೊಸಬನಲ್ಲ. 1983ರ ‘ಆಕ್ಟೋಪಸಿ’ಯಲ್ಲಿ ಆತ ರಾಜಸ್ಥಾನದ ಉದಯಪುರಕ್ಕೇ ಬಂದಿದ್ದ. ಕಲಬುರಗಿಯಿಂದ ರೈಲಿನಲ್ಲೇ ಹೋಗಿ ಬರಬಹುದು. ಊರು ತಲುಪುವುದು ಸುಲಭ, ಸಿನಿಮಾದ ದೃಶ್ಯದಂಥದ್ದೇ ಫೋಟೊ ತೆಗೆಯಲು ಕ್ಯಾಮೆರಾ ನಿಂತಿದ್ದ ಜಾಗ ಹಿಡಿಯುವುದು ಕಷ್ಟ.

ಮೊದಲು ಸಿನಿಮಾವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ. ಹೊರಾಂಗಣದ ಎಂಟೋ ಹತ್ತೋ ದೃಶ್ಯಗಳ ಸ್ಕ್ರೀನ್‌ಶಾಟ್ ತೆಗೆದು, ಕಾಗದದ ಮೇಲೆ ಮುದ್ರಿಸಿಕೊಳ್ಳಿ. ಬಿಸಿಲಲ್ಲಿ ಮೊಬೈಲ್ ಪರದೆ ಕಾಣುವುದಿಲ್ಲ. ಒಳಾಂಗಣಗಳನ್ನು ಬಿಟ್ಟುಬಿಡಿ, ಅವು ಬಹುಪಾಲು ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೊದ ಸೆಟ್‌ಗಳು. ಜರ್ಮನಿಯದೆಂದು ತೋರಿಸುವ ರೈಲು ಕೂಡ ಓಡಿದ್ದು ಇಂಗ್ಲೆಂಡಿನಲ್ಲೇ. ತಾಜ್ ಮಹಲ್ ಕಂಡ ಬೆನ್ನಿಗೇ ಉದಯಪುರ ಬರುತ್ತದೆ, ಆದರೆ ಆಗ್ರಾಕ್ಕೂ ಅಲ್ಲಿಗೂ ಸುಮಾರು 600 ಕಿ.ಮೀ. ದೂರವಿದೆ. ಒಂದೇ ಪ್ರವಾಸದಲ್ಲಿ ಎರಡನ್ನೂ ತುರುಕಬೇಡಿ.

ಹೊರಡುವ ಮೊದಲು ಕಲಬುರಗಿ ಕೋಟೆಯಲ್ಲಿ ಒಂದು ಬೆಳಗ್ಗೆ ಅಭ್ಯಾಸ ಮಾಡಿ. 1367ರ ಜಾಮಿ ಮಸೀದಿಗೆ ಮೂಲೆಗೊಂದು ಸಣ್ಣ ಗುಮ್ಮಟ, ಪಶ್ಚಿಮಕ್ಕೆ ಒಂದು ದೊಡ್ಡ ಗುಮ್ಮಟ. ಯಾವುದಾದರೂ ಹಳೆಯ ಫೋಟೊ ಹಿಡಿದು ನಿಲ್ಲಿ. ಸಣ್ಣ ಗುಮ್ಮಟ ದೊಡ್ಡದನ್ನು ಎಷ್ಟು ಮರೆಮಾಡಿದೆ ನೋಡಿ, ಅಷ್ಟೇ ಮರೆಯಾಗುವವರೆಗೆ ಎಡಕ್ಕೆ ಬಲಕ್ಕೆ ಸರಿಯಿರಿ. ಆಮೇಲೆ ಹಿಂದೆ ಮುಂದೆ ನಡೆದು ಎರಡರ ಗಾತ್ರ ಹೊಂದಿಸಿ. ಜೂಮ್ ಕೊನೆಗೆ. ಹೆಚ್ಚಿನವರು ಎಡವುವುದು ಇಲ್ಲೇ: ಹತ್ತಿರ ನಿಂತು ಮೊಬೈಲಿನ ಅಗಲ ಲೆನ್ಸ್‌ನಲ್ಲಿ ತೆಗೆದರೆ ಹಿಂದಿನ ಕಟ್ಟಡ ಕುಗ್ಗಿಹೋಗುತ್ತದೆ. ಸಿನಿಮಾದಲ್ಲಿ ದೂರದ ಅರಮನೆ ದೊಡ್ಡದಾಗಿ ಕಂಡರೆ ಹಿಂದಕ್ಕೆ ಹೋಗಿ 2 ಪಟ್ಟು ಅಥವಾ 3 ಪಟ್ಟು ಜೂಮ್ ಬಳಸಿ.

ಮುಂಬೈನ ಬಾಂದ್ರಾ ಟರ್ಮಿನಸ್‌ನಿಂದ ಉದಯಪುರಕ್ಕೆ ನೇರ ರೈಲಿದೆ, ದಿನವೂ ಇರುವುದಿಲ್ಲ. ಹಾಗಾಗಿ ಅದನ್ನೇ ಮೊದಲು ಕಾಯ್ದಿರಿಸಿ. 60 ದಿನ ಮೊದಲು ಬುಕಿಂಗ್ ತೆರೆಯುತ್ತದೆ. ಅದಕ್ಕೆ ಹೊಂದುವಂತೆ ಕಲಬುರಗಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ದಾದರ್‌ನಲ್ಲಿ ಇಳಿಯಿರಿ. ಮೇಲ್ಸೇತುವೆ ದಾಟಿ ವೆಸ್ಟರ್ನ್ ಲೈನಿನ ಲೋಕಲ್‌ನಲ್ಲಿ ಬಾಂದ್ರಾ, ಅಲ್ಲಿಂದ ಆಟೊ. ಲೋಕಲ್ ನಿಲ್ದಾಣವೇ ಬೇರೆ, ಟರ್ಮಿನಸ್ಸೇ ಬೇರೆ. ಎರಡು ರೈಲುಗಳ ನಡುವೆ ಐದಾರು ಗಂಟೆ ಇರಲಿ. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಸಾಕು, ಎರಡು ದಿನ ಕೆಡುವುದಿಲ್ಲ.

ಸಿನಿಮಾದಲ್ಲಿ ನಾಯಕಿ ಆಕ್ಟೋಪಸಿಯ ಮನೆಯಾಗಿರುವ ಲೇಕ್ ಪ್ಯಾಲೇಸ್ ಪಿಚೋಲಾ ಕೆರೆಯ ನಡುವಿನ ಹೋಟೆಲ್. ತಂಗುವವರಿಗಷ್ಟೇ ಪ್ರವೇಶ, ಸುಮ್ಮನೆ ಇಣುಕಿ ಬರುತ್ತೇವೆಂದರೆ ಬಿಡುವುದಿಲ್ಲ. ಬೇಸರ ಬೇಡ, ಅದರ ಚೆಂದ ಇರುವುದು ದೂರದ ನೋಟದಲ್ಲೇ. ಬೆಳಗ್ಗೆ ಪೂರ್ವ ದಂಡೆಯ ಸಿಟಿ ಪ್ಯಾಲೇಸ್ ಕಡೆಯಿಂದ ನೋಡಿದರೆ ಬಿಳಿ ಗೋಡೆಗೆ ಬಿಸಿಲು ನೇರ ಬಿದ್ದಿರುತ್ತದೆ. ಸಂಜೆ ಎದುರು ದಂಡೆಯ ಅಂಬ್ರಾಯ್ ಘಾಟ್‌ಗೆ ಹೋಗಿ. ಮಳೆಗಾಲ ಮುಗಿದ ಮೇಲಿನ ತಿಂಗಳುಗಳೇ ಒಳ್ಳೆಯವು. ಬೇಸಿಗೆಯಲ್ಲಿ ನೀರು ಇಳಿದು ದಂಡೆ ಬಯಲಾದರೆ ಚೌಕಟ್ಟು ಎಷ್ಟು ಸರಿಯಿದ್ದರೂ ಚಿತ್ರ ಹೊಂದುವುದಿಲ್ಲ.

ಖಳ ಕಮಲ್ ಖಾನನ ಅರಮನೆ ಬೆಟ್ಟದ ಮೇಲಿನ ಸಜ್ಜನಗಢ, ಅಂದರೆ ಮಾನ್ಸೂನ್ ಪ್ಯಾಲೇಸ್. ಅದು ವನ್ಯಜೀವಿ ಧಾಮದೊಳಗಿದೆ. ಆಟೊದವರು ಕೆಳಗಿನ ಗೇಟಿನವರೆಗೆ ಬಿಡುತ್ತಾರೆ. ಟಿಕೆಟ್ ಪಡೆದು, ಮೇಲಿನ ಸುಮಾರು 4 ಕಿ.ಮೀ. ಏರಿಗೆ ಅಲ್ಲಿ ಬೇರೆ ಗಾಡಿ ಹಿಡಿಯಬೇಕು. ಸೂರ್ಯಾಸ್ತ ನೋಡಲು ಎಲ್ಲರೂ ಒಟ್ಟಿಗೇ ನುಗ್ಗುವುದರಿಂದ ಎರಡು ಗಂಟೆ ಮೊದಲೇ ಗೇಟಿನಲ್ಲಿರಿ.